ಈಗ ಏನ್ ಓದಾಕತ್ತೀರಿ? ಹುಬ್ಬಳ್ಳಿಯಿಂದ ಹಾವೇರಿತನಕ ನಾಲ್ಕು ದಿನ

ಮೊದಲ ದಿನ, ಹುಬ್ಬಳ್ಳಿ

ರಾತ್ರಿ ರೈಲು ಹುಬ್ಬಳ್ಳಿಗೆ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಇಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ಹಿಂದಿನ ಬೋಗಿಯಲ್ಲಿ ಕೂತವರು ಅರ್ಧ ಊರು ನಡೆದ ಹಾಗೆ ನಡೆಯಬೇಕು. ನಡೆದೆ. ಹೆಗಲಿಗೆ ಒಂದು ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ನೋಟ್‌ಬುಕ್ಕು, ನಾನು ಅರ್ಧ ಓದಿದ್ದ ವಸುಧೇಂದ್ರರ 'ತೇಜೋ ತುಂಗಭದ್ರಾ'.

ಸಂಕ್ರಾಂತಿಗೆ ನಾಲ್ಕು ದಿನ ರಜೆ ಸಿಕ್ಕಿತ್ತು. ನಾನು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. ಅಲ್ಲಿ ಓದುತ್ತೇನೆ, ಆದರೆ ಓದಿದ್ದನ್ನು ಮಾತಾಡಲು ಯಾರೂ ಸಿಗುವುದಿಲ್ಲ. ನಮ್ಮ ಕಡೆ ಹಾಗಲ್ಲ. ನಾನು ಸಣ್ಣವಳಿದ್ದಾಗ ಮನೆಗೆ ಬಂದವರು ಚಹಾ ಕುಡಿಯುತ್ತ ಕಾದಂಬರಿಯ ಪಾತ್ರಗಳನ್ನು ಪಕ್ಕದ ಓಣಿಯವರಂತೆ ಬೈಯುತ್ತಿದ್ದರು. ಆ ಮಾತು ಈಗಲೂ ಇದೆಯಾ ಎಂದು ನೋಡಬೇಕಿತ್ತು. ಹಾಗಾಗಿ ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳುವುದೆಂದು ತೀರ್ಮಾನಿಸಿದ್ದೆ: ಈಗ ಏನು ಓದುತ್ತಿದ್ದೀರಿ, ಹೇಗಿದೆ?

ದೊಡ್ಡವ್ವನ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಊಟ ಮುಗಿಸಿ ದುರ್ಗದ ಬೈಲಿನ ಕಡೆ ಹೊರಟೆ. ಅಲ್ಲೇ ಹತ್ತಿರದ ಒಂದು ಸಂದಿಯಲ್ಲಿ ಹಳೆ ಪುಸ್ತಕದ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಅಂಗಡಿಯ ಕಾಕಾ ಪುಸ್ತಕಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದಿಲ್ಲ, ಒಣ ಬ್ರಶ್ಶಿನಿಂದ ಉಜ್ಜುತ್ತಾರೆ. "ಒದ್ದಿ ಮಾಡಿದ್ರ ಬೈಂಡಿಂಗ್ ಹೋಗತೈತ್ರಿ ಅಕ್ಕಾರ" ಎಂದರು. ಏನು ಜಾಸ್ತಿ ಕೇಳುತ್ತಾರೆ ಎಂದರೆ ತಡಮಾಡದೆ ಎರಡು ಹೆಸರು ಹೇಳಿದರು. ಕಾಲೇಜು ಹುಡುಗರು ತೇಜಸ್ವಿ ಕೇಳುತ್ತಾರೆ, ನಲವತ್ತು ದಾಟಿದವರು ಭೈರಪ್ಪ ಕೇಳುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ಮೇಲೆ ಅವರ ಹಳೆ ಪ್ರತಿ ಅಂಗಡಿಯಲ್ಲಿ ಎರಡು ದಿನ ನಿಲ್ಲುವುದಿಲ್ಲವಂತೆ. ಭೈರಪ್ಪನವರು ಇದೇ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಮಾಡಿದವರು. ಅದನ್ನು ಕಾಕಾ ಸ್ವಂತ ಸಂಬಂಧಿಯ ಸುದ್ದಿ ಹೇಳಿದ ಹಾಗೆ ಹೇಳಿದರು. ಅವರ ಫೋನ್ ನಂಬರ್ ಬರೆದುಕೊಂಡೆ.

ಸಂಜೆ ನಡೆದದ್ದನ್ನು ಮಾತ್ರ ಸಾವಕಾಶವಾಗಿ ಹೇಳಬೇಕು. ದೊಡ್ಡವ್ವನ ಓಣಿಯಲ್ಲಿ ಒಬ್ಬರು ಬ್ಲೌಸ್ ಹೊಲಿಯುತ್ತಾರೆ. ಓಣಿಯವರೆಲ್ಲ ಅವರನ್ನು ಕರೆಯುವುದು ಆಪಾ ಎಂದೇ. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಅಷ್ಟು ಸಲೀಸಿಲ್ಲ. ಸಂಜೆ ಮಗಳು ಕಾಲೇಜಿನಿಂದ ಬಂದು, ಮಷೀನಿನ ಪಕ್ಕ ಸ್ಟೂಲ್ ಹಾಕಿಕೊಂಡು, ಬಾನು ಮುಷ್ತಾಕ್ ಅವರ ಕತೆಗಳನ್ನು ಓದಿ ಹೇಳುತ್ತಾಳೆ. ದಿನಕ್ಕೆ ಒಂದು ಕತೆ. ನಾನು ಹೋದ ದಿನ 'ಎದೆಯ ಹಣತೆ' ನಡೆದಿತ್ತು.

ಗಂಡ ಬೇರೆಯವಳ ಹಿಂದೆ ಹೋದ. ಮೆಹರುನ್ ಕೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಅವಳನ್ನು ಇಟ್ಟುಕೊಳ್ಳುವುದಿಲ್ಲ, ಅಣ್ಣಂದಿರೇ ವಾಪಸ್ ಬಿಟ್ಟು ಬರುತ್ತಾರೆ. ಅಲ್ಲಿತನಕ ಮಷೀನು ಟರ್ ಟರ್ ಓಡುತ್ತಲೇ ಇತ್ತು. ಅವಳು ರಾತ್ರಿ ಸೀಮೆಎಣ್ಣೆ ಹತ್ತಿರ ಹೋದಾಗ ಆಪಾ ಪೆಡಲ್‌ನಿಂದ ಕಾಲು ತೆಗೆದರು. ಸೂಜಿ ಬಟ್ಟೆಯೊಳಗೆ ಇಳಿದಲ್ಲೇ ನಿಂತಿತು. ಹಿರಿಮಗಳು ಸಲ್ಮಾ ಬಂದು ತಾಯಿಯ ಕಾಲು ಹಿಡಿಯುವವರೆಗೂ ಆ ಕೋಣೆಯಲ್ಲಿ ಯಾರೂ ಅಲುಗಲಿಲ್ಲ.

"ಹೆಂಗ ಅನಿಸ್ತು ಆಪಾ?" ಎಂದೆ.

"ಗಂಡನ ಮ್ಯಾಲೆ ನನಗ ಸಿಟ್ಟಿಲ್ಲ. ಅಂವ ಹಂಗ ಅದಾನ, ಹೋದ. ಆ ಅಣ್ಣಗೋಳು! ಒಂದ್ ತುತ್ತು ಅನ್ನ ಹಾಕಿ, ಒಂದ್ ರಾತ್ರಿ ಮಲಗಂತ ಅಂದಿದ್ರ ಆಕಿ ಸೀಮಿ ಎಣ್ಣಿ ಮುಟ್ತಿದ್ದಿಲ್ಲ."

ಮಗಳು ಇದನ್ನು ಮೊದಲು ಓದಿದ್ದು ಇಂಗ್ಲಿಷಿನಲ್ಲಿ. 'ಹಾರ್ಟ್ ಲ್ಯಾಂಪ್'ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಕಾಲೇಜಿನಲ್ಲಿ ಎಲ್ಲರೂ ತರಿಸಿದರಂತೆ. ಅನುವಾದಕಿ ದೀಪಾ ಭಾಸ್ತಿ ಕನ್ನಡದ, ಉರ್ದುವಿನ ಮಾತುಗಳನ್ನು ಹಾಗೇ ಬಿಟ್ಟಿದ್ದಾರೆ, ಅಡಿಟಿಪ್ಪಣಿ ಹಾಕಿಲ್ಲ. ಅದು ಈ ಹುಡುಗಿಗೆ ಬಹಳ ಹಿಡಿಸಿದೆ. "ಅಮ್ಮಿಗೆ ಓದಿ ಹೇಳಬೇಕಂತ ಕನ್ನಡದ್ದು ಹುಡುಕಿದೆ ಅಕ್ಕಾ. ಅಮ್ಮಿ ನಡುನಡುವ ತಡೀತಾಳ. ಇದು ಹಾಸನದ ಕಡೀ ಮಾತು, ನಾವು ಹಿಂಗ ಅನ್ನಂಗಿಲ್ಲ ಅಂತಾಳ. ಆಮ್ಯಾಲ ತಾನೇ ನಮ್ಮ ಮಾತಿನಾಗ ಮತ್ತೊಮ್ಮೆ ಹೇಳತಾಳ."

ಆಪಾ ಮಾಡುವುದೂ ಅನುವಾದವೇ ಅಲ್ವಾ? ನೋಟ್‌ಬುಕ್ಕಿನ ಮೊದಲ ಪುಟ ಆ ಮನೆಯಲ್ಲೇ ತುಂಬಿತು.

ಎರಡನೇ ದಿನ, ಧಾರವಾಡ

ಚಿಗರಿ ಬಸ್ಸಿನಲ್ಲಿ ಇಪ್ಪತ್ತು ಕಿಲೋಮೀಟರ್ ಆರಾಮ ದಾರಿ. ಸುಭಾಸ ರಸ್ತೆಯಲ್ಲಿ ಇಳಿದು ಮೊದಲು ಹತ್ತಿದ್ದು ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಪ್ರಕಾಶನ. ಬೇಂದ್ರೆ, ಕುರ್ತಕೋಟಿ, ಕಾರ್ನಾಡ ಎಲ್ಲ ಹತ್ತಿದ ಮೆಟ್ಟಿಲು. ಕಾರ್ನಾಡರ ಮೊದಲ ನಾಟಕ 'ಯಯಾತಿ'ಯನ್ನು 1961ರಲ್ಲಿ ಅಚ್ಚು ಹಾಕಿದ್ದು ಇವರೇ. ಅಟ್ಟದ ಮೇಲೆ ಒಂದು ವಾಸನೆ ಇದೆ, ಹಳೆ ಕಾಗದದ್ದು, ಸ್ವಲ್ಪ ಅಂಟಿನದ್ದು. ಒಂದು ತಾಸು ಸುಮ್ನೆ ಕೂತೆ. ಎದ್ದು ಬರಲು ಮನಸ್ಸಾಗಲಿಲ್ಲ.

ದೊಡ್ಡವ್ವ ಒಬ್ಬ ನಿವೃತ್ತ ಮಾಸ್ತರರ ವಿಳಾಸ ಕೊಟ್ಟಿದ್ದಳು. ಸಪ್ತಾಪುರದಲ್ಲಿ ಮನೆ, ಅಂಗಳದಲ್ಲಿ ಪಾರಿಜಾತ. ಅವರು ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ'ವನ್ನು ಮೂರನೇ ಸಲ ಓದುತ್ತಿದ್ದರು. ಪುಸ್ತಕದ ಬೆನ್ನು ಬಿಟ್ಟಿದೆ, ಬಿಳಿ ಪಟ್ಟಿ ಹಚ್ಚಿದ್ದಾರೆ.

"ಅರ್ಪಣೆ ಓದೀರೇನು?" ಎಂದು ಶುರುಮಾಡಿದರು. ಕಾರ್ನಾಡರು ಹೊಟ್ಟೆಯಲ್ಲಿದ್ದಾಗ ಅವರ ತಾಯಿ ಮಗು ಬೇಡವೆಂದು ಪುಣೆಯಲ್ಲಿ ಒಬ್ಬ ವೈದ್ಯೆಯ ದವಾಖಾನೆಗೆ ಹೋಗಿದ್ದರು. ಎಷ್ಟು ಹೊತ್ತು ಕಾದರೂ ಆ ವೈದ್ಯೆ ಬರಲಿಲ್ಲ. ತಾಯಿ ವಾಪಸ್ ಬಂದರು, ಮಗ ಹುಟ್ಟಿದ. ಬಾರದೇ ಹೋದ ಆ ವೈದ್ಯೆಗೆ ಕಾರ್ನಾಡರು ಪುಸ್ತಕ ಅರ್ಪಿಸಿದ್ದಾರೆ. "ಆತ್ಮಕಥೀ ಅಂದ್ರ ಮಂದಿ ತಮ್ಮನ್ನ ತಾವು ಹೊಗಳಿಕೊಳ್ಳಲಿಕ್ಕೆ ಬರೀತಾರ. ಇವರು ಮೊದಲನೇ ಪುಟದಾಗೇ ನಾನು ಇರಲಿಕ್ಕಿಲ್ಲದ್ದು ಇದ್ದೇನಿ ಅಂತ ಹೇಳಿಬಿಟ್ರು. ಆ ಪುಟ ಓದಿದಾಗೆಲ್ಲ ನಾ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂಡತೇನಿ."

ಅವರಿಗೆ ಒಂದು ಕೊರಗೂ ಇದೆ. ಪುಸ್ತಕ ಕಾರ್ನಾಡರ ಅರ್ಧ ಆಯುಷ್ಯಕ್ಕೆ ನಿಲ್ಲುತ್ತದೆ. "ಉಳಿದ ಅರ್ಧ ಯಾರು ಹೇಳ್ತಾರ? ನಾವು ಧಾರವಾಡದವರು ಅದನ್ನ ಕಟ್ಟಿ ಮ್ಯಾಲೆ ಕೂತು ಹೇಳಿಕೊಳ್ಳಬೇಕಾಗ್ಯದ." ಈ ಮಾತು ಹೇಳುವಾಗ ಅವರ ಕಣ್ಣು ತುಂಬಿತ್ತು. ಪುಸ್ತಕದ ಹೆಸರೇ ಬೇಂದ್ರೆಯವರ ಸಾಲಿನಿಂದ ಬಂದದ್ದು. ಅವರು ಅದನ್ನು ಹೇಳುವಾಗ ಬೆರಳಿನಿಂದ ಕುರ್ಚಿಯ ಕೈಗೆ ತಾಳ ಹಾಕಿದರು. ಒಳಗಿಂದ ಅವರ ಮನೆಯವರು ಲೈನ್ ಬಜಾರದ ಪೇಡೆ ತಂದಿಟ್ಟರು. ಅವರದು ಬೇರೆ ಓದು. ವೀಣಾ ಶಾಂತೇಶ್ವರ ಅವರ ಕತೆಗಳು. "ಇವರು ಕಾರ್ನಾಡ ಕಾರ್ನಾಡ ಅಂತಿರತಾರ. ನನ್ನ ಮಾತು ಬರದಾಕಿ ವೀಣಾ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರ ಜೊತೆ ಇನ್ನೂ ಮಾತಾಡಬೇಕಿತ್ತು. ಅಡುಗೆ ಮನೆಯಲ್ಲಿ ಹಾಲು ಇತ್ತು, ಅವರು ಮತ್ತೆ ಬರಲಿಲ್ಲ.

ಧಾರವಾಡದಲ್ಲಿ ಈಗ ಅತಿ ಹೆಚ್ಚು ಓದುವವರು ಯಾರು ಎಂದರೆ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಬೀದರಿನಿಂದ, ಕೊಪ್ಪಳದಿಂದ, ವಿಜಯಪುರದಿಂದ ಬಂದು ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು ಜನ ಇರುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಓದುತ್ತಾರೆ. ಇವರನ್ನು ಓದುಗರು ಅನ್ನಬೇಕಾ ಎಂದು ಕೆಲವರು ಕೇಳುತ್ತಾರೆ. ನನಗೆ ಆ ಪ್ರಶ್ನೆಯೇ ಸರಿ ಅನಿಸುವುದಿಲ್ಲ. ಸಾಧನಕೇರಿಯಲ್ಲಿ ನನಗೆ ಅಂಥ ಒಬ್ಬ ತಮ್ಮ ಸಿಕ್ಕ.

ಕೆರೆಯ ದಂಡೆಯಲ್ಲಿ ಕೂತು ಜೋರಾಗಿ ಓದುತ್ತಿದ್ದ. ಕೊಪ್ಪಳದ ಕಡೆಯವನು. ಕೈಯಲ್ಲಿ 'ನಾಕುತಂತಿ'. ಎದುರಿಗೇ ಬೇಂದ್ರೆಯವರ ಮನೆ.

"ಪರೀಕ್ಷಾಕ್ಕ ಬೇಕಾಗಿದ್ದು ಬರೀ ಇಸವಿ ಅಕ್ಕಾರ. ಬೇಂದ್ರೆಯವರಿಗೆ ಜ್ಞಾನಪೀಠ, 1973, ನಾಕುತಂತಿ. ಎರಡ್ ವರ್ಷ ಇದನ್ನ ಬಾಯಿಪಾಠ ಮಾಡೇನಿ. ಒಂದ್ ದಿನ ಅನಿಸ್ತು, ಅಲ್ಲ, ಆ ಪುಸ್ತಕದಾಗ ಏನೈತಿ? ಲೈಬ್ರರಿಗೆ ಹೋದ್ರ ಕಪಾಟಿಗೆ ಕೀಲಿ. ಕೀಲಿ ಕೊಡೋರು ರಜಾ. ಮೂರ್ ಸಲ ಹೋದೆ. ಕಡೀಕ ರೊಕ್ಕ ಕೊಟ್ಟು ತಗೊಂಡೆ."

ನನಗೆ ಬೇಸರವಾಯಿತು. ಪುಸ್ತಕ ಕೇಳಿ ಬಂದ ಹುಡುಗನನ್ನು ಮೂರು ಸಲ ವಾಪಸ್ ಕಳಿಸುವುದು ಸಣ್ಣ ತಪ್ಪಲ್ಲ. ಕೋಣೆ ಬಾಡಿಗೆ, ಮೆಸ್ ದುಡ್ಡಿನಲ್ಲೇ ಉಳಿಸಿ ಆತ ಅದನ್ನು ಕೊಂಡಿದ್ದಾನೆ.

"ತಿಳೀತಾ?" ಎಂದೆ.

"ಮನಸಿನಾಗ ಓದಿದ್ರ ತಿಳೀಲಿಲ್ಲ. ಒಂದಿನ ಯಾರೂ ಇಲ್ಲಂತ ಇಲ್ಲಿ ಜೋರಾಗಿ ಓದಿದೆ. ಈಗೂ ಪೂರಾ ತಿಳಿದಿಲ್ರಿ. ಆದ್ರ ಬಾಯಾಗ ಕುಂತತಿ."

ಸೂರ್ಯ ಇಳಿಯುತ್ತಿದ್ದ. ಇನ್ನೊಮ್ಮೆ ಓದು ಎಂದೆ. ಮೊದಲು ಸಣ್ಣ ದನಿಯಲ್ಲಿ ಓದಿದ, ಆಮೇಲೆ ದನಿ ತಾನಾಗಿಯೇ ಏರಿತು. ವಾಕಿಂಗ್ ಬಂದ ಇಬ್ಬರು ಹಿರಿಯರು ನಿಂತರು. ಒಬ್ಬರು ಮುಂದಿನ ಸಾಲನ್ನು ಇವನಿಗಿಂತ ಮೊದಲೇ ಹೇಳಿಬಿಟ್ಟರು.

ಮೂರನೇ ದಿನ, ಗದಗ

ಹುಬ್ಬಳ್ಳಿಗೆ ವಾಪಸ್ ಬಂದು ಗದಗಿನ ಬಸ್ಸು. ದಾರಿಯ ಎರಡೂ ಕಡೆ ಎರೆ ಹೊಲ, ತೆನೆ ತುಂಬಿದ ಬಿಳಿಜೋಳ, ನಡುವೆ ಕಡಲೆ. ಅಣ್ಣಿಗೇರಿ ದಾಟಿ ಹನ್ನೊಂದರ ಹೊತ್ತಿಗೆ ಗದಗ. ನೇರ ವೀರನಾರಾಯಣನ ಗುಡಿಗೆ ಹೋದೆ.

ಒಳಗೆ ಆ ಕಂಬ ಇದೆ. ಕುಮಾರವ್ಯಾಸ ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ, ಬಟ್ಟೆ ಒಣಗುವತನಕ ಭಾರತ ಹೇಳುತ್ತಿದ್ದ ಎನ್ನುತ್ತಾರೆ. ಹಲಗೆ ಬಳಪ ಹಿಡಿಯದೆ, ಒಮ್ಮೆ ಇಟ್ಟ ಪದ ಅಳಿಸದೆ ಬರೆದೆ ಎಂದು ಆತನೇ ಹೇಳಿಕೊಂಡಿದ್ದಾನೆ. ಕಂಬದ ಮೇಲೆ ಕೈ ಇಟ್ಟೆ. ತಣ್ಣಗಿತ್ತು.

ಗುಡಿಯ ಕಟ್ಟೆಯ ಮೇಲೆ ಇಬ್ಬರು ಜಗಳಾಡುತ್ತಿದ್ದರು. ಒಬ್ಬರು ಹತ್ತಿರದ ಹಳ್ಳಿಯ ಅಜ್ಜ, ಒಕ್ಕಲುತನ. ಇನ್ನೊಬ್ಬರು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿರುವ ಹೆಣ್ಣುಮಗಳು, ರಜೆಯ ದಿನ ತಪ್ಪದೆ ಗುಡಿಗೆ ಬರುತ್ತಾರೆ. ಹೀಗೇ ಗುರುತಾಗಿ ಈಗ ಎರಡು ವರ್ಷ. ಅಜ್ಜ ದಿನಾ ಸಂಜೆ ಗದುಗಿನ ಭಾರತ ಓದುತ್ತಾರೆ, ಓದಿ ಮುಗಿದರೆ ಮತ್ತೆ ಮೊದಲಿಂದ. ಕ್ಯಾಶಿಯರ್ ಅಕ್ಕ ಭೈರಪ್ಪನವರು ಹೋದ ಸುದ್ದಿ ಕೇಳಿದ ರಾತ್ರಿ 'ಪರ್ವ' ತೆಗೆದರಂತೆ. ಈಗ ಎರಡನೇ ಸಲ ಕೊನೆಗೆ ಬಂದಿದ್ದಾರೆ. ಒಂದೇ ಮಹಾಭಾರತ, ಎರಡು ಪುಸ್ತಕ. ಜಗಳ ಅದರದ್ದೇ.

"ಅಜ್ಜಾರ, ನಿಮ್ಮ ಭಾರತದಾಗ ಎಲ್ಲಾ ಕೃಷ್ಣನ ಮಾಡತಾನ. ಮನಶಾರು ಏನ್ ಮಾಡತಾರ?" ಇದು ಅಕ್ಕನ ವಾದ. 1979ರಲ್ಲಿ ಬಂದ 'ಪರ್ವ'ದಲ್ಲಿ ಪವಾಡ ಇಲ್ಲ. ಕೃಷ್ಣನೂ ಮನುಷ್ಯ. ಕುಂತಿ, ದ್ರೌಪದಿ ತಮ್ಮ ತಮ್ಮ ನೆನಪನ್ನು ತಾವೇ ಬಿಚ್ಚುತ್ತಾರೆ. "ನಾ ಸಣ್ಣಾಕಿ ಇದ್ದಾಗಿಂದ ಕುಂತಿ ಕತಿ ಕೇಳೇನಿ. ಆಕಿ ಒಬ್ಬಾಕಿ ಹೆಣಮಗಳು, ಆಕಿಗೂ ಮೈ ಕೈ ನೋಯ್ತಿತ್ತು, ಮನಸು ಮುರೀತಿತ್ತು ಅಂತ ನನಗ ಹೊಳದದ್ದು ಈ ಪುಸ್ತಕದಾಗ."

ಅಜ್ಜ ತಕ್ಷಣ ಉತ್ತರ ಕೊಡಲಿಲ್ಲ. ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗೆ ಹಾಕಿದರು. ಆಮೇಲೆ ಕೇಳಿದರು: "ಕರ್ಣನ್ನ ಕೃಷ್ಣ ಹೆಂಗ ಮಾತಾಡಸ್ತಾನ, ಗೊತ್ತೇನ್ ಯವ್ವಾ?"

ಉದ್ಯೋಗಪರ್ವದ ಆ ಜಾಗ. ಸಂಧಾನ ಮುರಿದಿದೆ. ಕೃಷ್ಣ ಹೊರಡುವಾಗ ಕರ್ಣನ ಜೊತೆ ಮೈದುನನ ಹಾಗೆ ಸಲಿಗೆಯಿಂದ ಮಾತಾಡಿ, ಬರಸೆಳೆದು ರಥದಲ್ಲಿ ತನ್ನ ಪಕ್ಕ ಕೂರಿಸಿಕೊಳ್ಳುತ್ತಾನೆ. ಅಜ್ಜ ಆ ಪದ್ಯ ಹಾಡಿದರು. ಪುಸ್ತಕ ಇಲ್ಲ, ಕನ್ನಡಕ ಜೇಬಿನಲ್ಲೇ ಇದೆ. ಭಾಮಿನಿ ಷಟ್ಪದಿಯ ಮೂರನೇ ಸಾಲಿಗೆ ದನಿ ಎಳೆದು, ಆರನೆಯದಕ್ಕೆ ಇಳಿಸಿದರು. ಬರಸೆಳೆಯುವ ಮಾತಿಗೆ ಬಂದಾಗ ಪಕ್ಕದಲ್ಲಿದ್ದ ನನ್ನ ತೋಳನ್ನೇ ಹಿಡಿದು ಎಳೆದರು. ದನ ಕಟ್ಟಿ, ಹಗ್ಗ ಹೊಸೆದು ಗಟ್ಟಿಯಾದ ಕೈ. ಕರ್ಣನಿಗೆ ಹೇಗೆ ಅನಿಸಿರಬೇಕು ಎಂದು ನನ್ನ ತೋಳಿಗೆ ತಿಳಿಯಿತು.

"ದೇವರು ಆದರ ಆಗವಲ್ಲನಾಕ" ಎಂದರು ಅಜ್ಜ. "ಬೀಗರ ಹಂಗ ತೋಳ ಹಿಡದ ಎಳದು, ಬಾಜೂಕ ಕುಂದರಿಸಿಕೊಂಡು, ಆಮ್ಯಾಲ ಎದಿ ಒಡಿಯೋ ಸುದ್ದಿ ಹೇಳತಾನ. ಇದಕ್ಕಿಂತ ಮನಶಾ ಹೆಂಗಿರಬೇಕು?"

ಅಕ್ಕ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಅದು ಖರೆ ಅಜ್ಜಾರ. ಆದ್ರ ನಿಮ್ಮಂವ ಗದಾಪರ್ವಕ್ಕ ನಿಲ್ಲಿಸಿಬಿಟ್ಟ. ಯುದ್ಧ ಮುಗದ ಮ್ಯಾಲೆ ಉಳದ ಹೆಂಗಸರ ಸಂಕಟ ಯಾರು ಬರೀಬೇಕು? ಅದನ್ನ ಭೈರಪ್ಪನವರು ಬರದಾರ" ಎಂದರು.

ಅಜ್ಜ ತಲೆ ಅಲ್ಲಾಡಿಸಿದರು. "ಹಂಗಾದ್ರ ಆ ಕಡೀ ಭಾಗ ನನಗ ಓದಿ ಹೇಳ ಬಾ. ಸಣ್ಣ ಅಕ್ಷರ ನನಗ ಕಾಣಂಗಿಲ್ಲ."

ಮುಂದಿನ ರಜೆಯ ದಿನ ಎಂದು ಅಲ್ಲೇ ಗೊತ್ತಾಯಿತು. ನಾನು ಇರುವುದಿಲ್ಲ, ಅದೊಂದು ಹೊಟ್ಟೆಕಿಚ್ಚು. 'ಪರ್ವ'ದ ಬಗ್ಗೆ, ಕುಮಾರವ್ಯಾಸನ ಬಗ್ಗೆ ಎಷ್ಟೋ ಲೇಖನ ಓದಿದ್ದೇನೆ. ಎರಡರ ಮೇಲೂ ನನಗಿದ್ದ ಪ್ರೀತಿ ಜಾಸ್ತಿ ಆದದ್ದು ಈ ಕಟ್ಟೆಯ ಮೇಲೆ. ನೋಟ್‌ಬುಕ್ಕು ತಿರುವಿ ನೋಡಿದೆ. ಆಪಾ ಕೇಳುತ್ತಾರೆ, ಮಾಸ್ತರರು ತಾಳ ಹಾಕುತ್ತಾರೆ, ಕೊಪ್ಪಳದ ತಮ್ಮ ಜೋರಾಗಿ ಓದುತ್ತಾನೆ, ಅಜ್ಜ ಹಾಡುತ್ತಾರೆ. ನಮ್ಮ ಕಡೆ ಪುಸ್ತಕ ಕಿವಿಗೆ ಬಿದ್ದ ಮೇಲೆಯೇ ಓದಿದ ಹಾಗೆ. ಬೆಂಗಳೂರಿನ ನನ್ನ ಕೋಣೆಯಲ್ಲಿ ಏನು ಕಡಿಮೆಯಾಗಿತ್ತು ಎಂದು ಆಗ ಗೊತ್ತಾಯಿತು.

ರಾತ್ರಿ ಗದಗಿನಲ್ಲೇ ಉಳಿದೆ. ಗಿರಮಿಟ್ಟು, ಮಿರ್ಚಿ ಬಜ್ಜಿ, ಚಹಾ. ಅಷ್ಟೇ ಊಟ.

ನಾಲ್ಕನೇ ದಿನ, ಹಾವೇರಿ

ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸು. ಹಳೆಯ ಪುಲಿಗೆರೆ ಇದೇ ಊರು. ಪಂಪ 941ರಲ್ಲಿ ತನ್ನ ಭಾರತ ಮುಗಿಸಿದಾಗ, ಇದನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಹೇಳಿದ್ದೇನೆ ಎಂದ. ಬಸ್ಸಿನಲ್ಲಿ ಇಬ್ಬರು ಹೆಂಗಸರು ಉಳ್ಳಾಗಡ್ಡಿ ರೇಟಿನ ಬಗ್ಗೆ ಮಾತಾಡುತ್ತಿದ್ದರು. ಕಣ್ಣು ಮುಚ್ಚಿ ಆ ಮಾತನ್ನೇ ಕೇಳುತ್ತ ಕೂತೆ. ಸವಣೂರಿನಲ್ಲಿ ಬಸ್ಸು ಬದಲಿಸಿದೆ. ವಿ.ಕೃ. ಗೋಕಾಕರ ಊರು. ಇಳಿಯಲು ಹೊತ್ತಿರಲಿಲ್ಲ. ಒಂದು ಕಟ್ಟು ವೀಳ್ಯದೆಲೆ ಮಾತ್ರ ತೆಗೆದುಕೊಂಡೆ, ಗದಗಿನ ಅಜ್ಜನ ನೆನಪಿಗೆ.

ಹಾವೇರಿಯಲ್ಲಿ 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಿತ್ತು. ಆಗ ನಾನು ಬಂದಿದ್ದೆ, ಜನಜಂಗುಳಿಯಲ್ಲಿ ಪುಸ್ತಕ ಮಳಿಗೆಗಳ ಮುಂದೆ ನಿಂತಿದ್ದೆ. ಈ ಸಲ ಊರು ಶಾಂತವಾಗಿತ್ತು. ಗೆಳತಿಯ ತವರುಮನೆ ಹಾವೇರಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಗೆ ಮಧ್ಯಾಹ್ನ ತಲುಪಿದೆ. ಅಂಗಳದಲ್ಲಿ ಬ್ಯಾಡಗಿ ಮೆಣಸಿನಕಾಯಿ ಹರಡಿದ್ದರು. ಕೆಂಪು ನೋಡಿದರೆ ಕಣ್ಣು ತುಂಬುತ್ತದೆ, ಘಾಟಿಗೆ ಮೂಗೂ ತುಂಬುತ್ತದೆ.

ಗೆಳತಿಯ ಅಣ್ಣನ ಮಗಳು ಒಂಬತ್ತನೇ ತರಗತಿ. ಊರಿನ ಅರಿವು ಕೇಂದ್ರದಿಂದ, ಅಂದರೆ ಪಂಚಾಯಿತಿಯ ಗ್ರಂಥಾಲಯದಿಂದ, ಸುಧಾ ಮೂರ್ತಿಯವರ 'ಡಾಲರ್ ಸೊಸೆ' ತಂದಿದ್ದಳು. ಅವರು ನಮ್ಮ ಜಿಲ್ಲೆಯ ಶಿಗ್ಗಾವಿಯಲ್ಲೇ ಹುಟ್ಟಿದವರು ಎಂದು ಹೆಮ್ಮೆಯಿಂದ ಹೇಳಿದಳು. ಅಭಿಪ್ರಾಯ ಕೇಳಿದೆ. "ಅತ್ತೀ, ಅಮೆರಿಕಕ್ಕ ಹೋದ ಸೊಸೀನ ಮ್ಯಾಲ ಕುಂದ್ರಿಸಿ, ಮನ್ಯಾಗಿದ್ದಾಕೀನ ಕೆಳಗ ಕುಂದ್ರಿಸ್ತಾರಲ್ಲ, ಅದು ನಮ್ಮ ಓಣ್ಯಾಗೂ ನಡೀತೈತಿ" ಎಂದಳು. ಯಾರ ಮನೆ ಎಂದು ಹೇಳಲು ಹೊರಟಾಗ ಅವಳಮ್ಮ ಒಳಗಿಂದ ಕೂಗಿದರು.

ಆ ಮನೆಯ ಅಜ್ಜಿಗೆ ಎಂಬತ್ತೈದು ದಾಟಿದೆ. ಅವರ ಹತ್ತಿರ ಒಂದು ಗಂಟು ಇದೆ, ಹಳೆ ಇಳಕಲ್ ಸೀರೆಯಲ್ಲಿ ಕಟ್ಟಿದ್ದು. ಬಿಚ್ಚಿದರೆ ಗಳಗನಾಥರ 'ಮಾಧವ ಕರುಣಾವಿಲಾಸ'. ವಿಜಯನಗರ ಹುಟ್ಟಿದ ಕಾಲದ ಕತೆ. ಗಳಗನಾಥ ಎಂದರೆ ವರದಾ ನದಿ ತುಂಗಭದ್ರೆಯನ್ನು ಸೇರುವ ಊರು, ಈ ತಾಲ್ಲೂಕಿನದೇ. ವೆಂಕಟೇಶ ತಿರಕೋ ಕುಲಕರ್ಣಿಯವರು ಆ ಊರಿನ ಹೆಸರನ್ನೇ ಇಟ್ಟುಕೊಂಡು ಬರೆದರು, ಬರೆದದ್ದನ್ನು ತಲೆಯ ಮೇಲೆ ಹೊತ್ತು ಊರೂರಿಗೆ ತಿರುಗಿ ಮಾರಿದರು. ಅಜ್ಜಿಯ ಅಪ್ಪ ಹಾಗೆ ಬಂದವರ ಕೈಯಿಂದಲೇ ಕೊಂಡರೆಂದು ಈ ಮನೆಯ ನಂಬಿಕೆ.

ಪುಸ್ತಕದ ಅಂಚು ಮುಟ್ಟಿದರೆ ಪುಡಿ. ಕೊನೆಯ ಹಾಳೆಗಳು ಇಲ್ಲವೇ ಇಲ್ಲ. ಯಾವಾಗಲೋ ಗೆದ್ದಲು ತಿಂದಿದೆ.

"ಹಂಗಾದ್ರ ಕಡೀಕ ಏನಾತು ಅಂತ ಹೆಂಗ ಗೊತ್ತು ಅಜ್ಜಿ?"

"ನಮ್ಮಪ್ಪ ಓದಿ ಹೇಳಿದ್ದ. ಗೆದ್ದಲಕ್ಕಿಂತ ಮೊದಲ ನಾ ಕೇಳೇನಿ."

ಹೇಳಿದರು. ಅರ್ಧ ತಾಸು ಹೇಳಿದರು. ನಡುವೆ ಒಂದೆರಡು ಕಡೆ ತಡೆದು, ಕಣ್ಣು ಮುಚ್ಚಿ, ಅಪ್ಪನ ದನಿ ನೆನಪಿಸಿಕೊಂಡ ಹಾಗೆ ಮತ್ತೆ ಹಿಡಿದರು. ಮೊಮ್ಮಗಳು ಡಾಲರ್ ಸೊಸೆಯನ್ನು ಮಗುಚಿಟ್ಟು ಕೇಳುತ್ತಿದ್ದಳು. ಅವಳೂ ಇದನ್ನು ಪೂರ್ತಿ ಕೇಳಿದ್ದು ಇದೇ ಮೊದಲಂತೆ.

ನನ್ನ ಚೀಲದ 'ತೇಜೋ ತುಂಗಭದ್ರಾ' ತೆಗೆದೆ. ಹಿಂದಿನ ರಾತ್ರಿ ಗದಗಿನಲ್ಲಿ ಮುಗಿಸಿದ್ದೆ. ಅದೂ ವಿಜಯನಗರದ ಕಾಲದ್ದೇ, 2019ರಲ್ಲಿ ಬಂದದ್ದು. ಒಂದು ಕಡೆ ಲಿಸ್ಬನ್‌ನ ತೇಜೋ ನದಿ, ಗೇಬ್ರಿಯಲ್, ಬೆಲ್ಲಾ. ಇನ್ನೊಂದು ಕಡೆ ತುಂಗಭದ್ರೆ, ತೆಂಬಕಪುರ, ಹಂಪಮ್ಮ. ನನಗೆ ತುಂಗಭದ್ರೆಯ ಭಾಗ ಹೆಚ್ಚು ಹಿಡಿಸಿತ್ತು, ಅದರಲ್ಲೂ ಹಂಪಮ್ಮ. ಹುಡುಗಿಯ ಕೈಗೆ ಕೊಟ್ಟು, ಅಜ್ಜಿಗೆ ಓದಿ ಹೇಳು ಎಂದೆ. ಅಜ್ಜಿ ಪುಸ್ತಕದ ದಪ್ಪ ನೋಡಿದರು. "ಮೆಣಸಿನಕಾಯಿ ಕೆಲಸ ಮುಗೀಲಿ. ನಮ್ಮ ನದೀ ಕತಿ ಅಂದ್ರ ಕೇಳಬೇಕು" ಎಂದರು.

ಆಮೇಲೆ ಹುಬ್ಬಳ್ಳಿಯ ಕಾಕಾಗೆ ಫೋನ್ ಹಚ್ಚಿದೆ. ಗಳಗನಾಥರ ಪುಸ್ತಕ, ಕಡೆಯ ಹಾಳೆ ಇರುವ ಪ್ರತಿ ಬೇಕು ಎಂದೆ. ಬಂದರೆ ತೆಗೆದಿಡುತ್ತೇನೆ, ದೇವರಾಣೆ ಬೇರೆಯವರಿಗೆ ಕೊಡುವುದಿಲ್ಲ ಎಂದರು. ಸ್ಪೀಕರ್ ಹಾಕಿದ್ದೆ, ಅಜ್ಜಿಗೂ ಕೇಳಿಸಿತು. ಗಂಟು ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಸಿಕ್ಕರ ಮೊದಲ ಕಡೀ ಹಾಳಿ ಓದ ಯವ್ವಾ" ಎಂದರು. "ನಮ್ಮಪ್ಪ ಖರೆ ಹೇಳಿದ್ನೋ, ಏನರ ತಾನ ಕೂಡಿಸಿದ್ನೋ, ನೋಡೂಣು."